ಬಳ್ಳಾರಿ ಸೀಮೆಯ ಮೂರು ಊರುಗಳು

ನಾನು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಒಂದು ದಿನ ಕುರುಗೋಡಿನ ಕಡೆಯ ಹುಡುಗನೊಬ್ಬನು ಪಾಠದ ನಡುವೆ ಎದ್ದು ನಿಂತು, “ಗುರುಗಳೇ, ನಮ್ಮೂರು ಹಿಂದೆ ರಾಜಧಾನಿಯಾಗಿತ್ತು ಎಂದು ನೀವೇ ಹೇಳಿದಿರಿ. ಹಾಗಾದರೆ ಒಂದು ಪಹಣಿಯ ನಕಲಿಗೂ ನಮ್ಮಪ್ಪ ಬಳ್ಳಾರಿಗೇ ಏಕೆ ಹೋಗಬೇಕು?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನು “ಎಲ್ಲವೂ ಕಾಲಮಹಿಮೆ” ಎಂದು ಹೇಳಿ ಪಾಠವನ್ನು ಮುಂದುವರಿಸಿದೆನು. ಕಾಲಮಹಿಮೆ ಎಂಬುದು ಉತ್ತರವಲ್ಲ, ಉತ್ತರವನ್ನು ಹುಡುಕಲೊಲ್ಲದವನು ಹಿಡಿಯುವ ಊರುಗೋಲು ಎಂಬುದು ಆಮೇಲೆ ನನ್ನ ಮನಸ್ಸನ್ನು ಕೊರೆಯತೊಡಗಿತು. ಹುಡುಗನು ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳಾದುವು. ಅವನಿಗೆ ಅಂದು ಸಲ್ಲಬೇಕಾಗಿದ್ದ ಉತ್ತರವನ್ನು ಈಗ ವಾಚಕರ ಮುಂದಿಡಲು ಯತ್ನಿಸುತ್ತೇನೆ.

ಊರುಗಳು ತಾವಾಗಿಯೇ ದೊಡ್ಡವಾಗುವುದಿಲ್ಲ. ತಾವಾಗಿಯೇ ಸಣ್ಣವೂ ಆಗುವುದಿಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಜನಪದವನ್ನು ನೆಲೆಗೊಳಿಸುವ ಕ್ರಮವನ್ನು ಹೇಳುವಾಗ ಎಂಟುನೂರು ಗ್ರಾಮಗಳ ನಡುವೆ ಸ್ಥಾನೀಯವೆಂಬ ಪುರವನ್ನೂ, ನಾನೂರಕ್ಕೆ ದ್ರೋಣಮುಖವನ್ನೂ, ಇನ್ನೂರಕ್ಕೆ ಖಾರ್ವಟಿಕವನ್ನೂ, ಹತ್ತು ಗ್ರಾಮಗಳಿಗೆ ಸಂಗ್ರಹಣವನ್ನೂ ವಿಧಿಸಿದ್ದಾನೆ. ಊರಿನ ಹಿರಿಮೆಯು ಅದರ ಸುತ್ತಲ ಹಳ್ಳಿಗಳಿಗೆ ಅದು ಸಲ್ಲಿಸುವ ಸೇವೆಯಿಂದ ನಿರ್ಣಯವಾಗುವುದೆಂಬ ಭಾವವು ಇದರಲ್ಲಿ ಅಡಗಿದೆ. ಈ ಸೇವೆಗೆ ಮೂರು ಸಾಧನಗಳು ಬೇಕು: ದಾರಿ, ನೀರು, ಆಡಳಿತ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂಬ ನಮ್ಮ ಮೂರು ಊರುಗಳ ಚರಿತ್ರೆಯು ಈ ಮೂರು ಸಾಧನಗಳು ಒಂದೊಂದು ಕಾಲದಲ್ಲಿ ಒಂದೊಂದು ಊರಿಗೆ ಒಲಿದ ಚರಿತ್ರೆಯೇ ಆಗಿದೆ.

ಕುರುಗೋಡು

ಬಳ್ಳಾರಿಗೆ ವಾಯವ್ಯದಲ್ಲಿ ಸುಮಾರು ಏಳು ಹರದಾರಿಯ ದೂರದಲ್ಲಿ ಬಂಡೆಗಳ ಬೆಟ್ಟಸಾಲಿಗೆ ಒರಗಿಕೊಂಡಂತೆ ಕುರುಗೋಡು ನಿಂತಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅವರ ಮಾಂಡಲಿಕರಾಗಿದ್ದ ಸಿಂದವಂಶದ ಒಂದು ಶಾಖೆಯವರು ಇಲ್ಲಿಂದ ಆಳಿದರು. ಹನ್ನೆರಡನೆಯ ಶತಮಾನದ ಅವರ ಶಾಸನಗಳು ಈ ಊರನ್ನು ಕುರಿತು ಹೆಮ್ಮೆಯಿಂದ ಮಾತನಾಡುತ್ತವೆ. ಬೆಟ್ಟದ ಬುಡದಲ್ಲಿರುವ ಚಾಲುಕ್ಯ ಶೈಲಿಯ ಗುಡಿಗಳೂ, ದೊಡ್ಡ ಬಸವೇಶ್ವರನ ಗುಡಿಯಲ್ಲಿ ಏಕಶಿಲೆಯ ಭಾರೀ ನಂದಿಯೂ ಆ ವೈಭವಕ್ಕೆ ಇಂದಿಗೂ ಸಾಕ್ಷಿಗಳು.

ಅಂದು ಕುರುಗೋಡು ಏಕೆ ರಾಜಧಾನಿಯಾಯಿತು? ಅಂದಿನ ಆಳ್ವಿಕೆಗೆ ಮೊದಲು ಬೇಕಾದುದು ದುರ್ಗ. ಔದಕ, ಪಾರ್ವತ, ಧಾನ್ವನ, ವನ ಎಂದು ಶಾಸ್ತ್ರಕಾರರು ಹೇಳುವ ನಾಲ್ಕು ಬಗೆಯ ದುರ್ಗಗಳಲ್ಲಿ ಪಾರ್ವತವು ಈ ಬಯಲು ಸೀಮೆಯಲ್ಲಿ ಕೆಲವೆಡೆ ಮಾತ್ರ ಒದಗುತ್ತದೆ. ಎರೆಹೊಲಗಳ ಸಮುದ್ರದ ನಡುವೆ ದ್ವೀಪಗಳಂತೆ ಎದ್ದ ಕಲ್ಲುಗುಡ್ಡಗಳಲ್ಲಿ ಕುರುಗೋಡಿನದು ಒಂದು. ಹಗೆಯು ಬಂದರೆ ಮೇಲೇರಿ ಕುಳಿತುಕೊಳ್ಳಲು ಬಂಡೆಗಳುಂಟು. ಇಳಿದರೆ ಉಣ್ಣಲು ಕೆಳಗೆ ಹೊಲಗಳುಂಟು. ಕುದುರೆಯೂ ಎತ್ತೂ ಕಾಲಾಳೂ ದೂರವನ್ನಳೆಯುತ್ತಿದ್ದ ಕಾಲಕ್ಕೆ ಇಷ್ಟು ಸಾಲುತ್ತಿತ್ತು. ದುರ್ಗದ ಬೆಲೆ ಇಳಿದಂದು ಕುರುಗೋಡಿನ ಬೆಲೆಯೂ ಇಳಿಯಿತು. ಊರಿನವರ ತಪ್ಪೇನೂ ಇದರಲ್ಲಿಲ್ಲ.

ಸಿರುಗುಪ್ಪ

ಸಿರುಗುಪ್ಪದ ಹೆಸರೇ ಅದರ ಚರಿತ್ರೆ: ಸಿರಿಯ ಗುಪ್ಪೆ, ಎಂದರೆ ಸಂಪತ್ತಿನ ರಾಶಿ. ಸುತ್ತಲ ಒಣ ಎರೆಭೂಮಿಯನ್ನು ಹಾದು ಬಂದ ದಾರಿಹೋಕನಿಗೆ ತುಂಗಭದ್ರೆಯ ಕವಲಿನ ದಡದಲ್ಲಿ ಗದ್ದೆ, ತೆಂಗು, ಬಾಳೆಗಳ ಹಸುರು ಒಮ್ಮೆಲೇ ಕಂಡಾಗ ಬೇರೆ ಯಾವ ಹೆಸರು ತಾನೇ ಹೊಳೆದೀತು? ಈ ಹಸುರು ಮಳೆಯ ಕೊಡುಗೆಯಲ್ಲ. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಲ್ಲಲ್ಲಿ ಕಲ್ಲಿನ ಅಣೆಕಟ್ಟುಗಳನ್ನು ಕಟ್ಟಿ ತೆಗೆದ ಕಾಲುವೆಗಳಲ್ಲಿ ಸಿರುಗುಪ್ಪದ ಕಾಲುವೆಯೂ ದೇಶನೂರಿನ ಕಾಲುವೆಯೂ ಸೇರಿವೆ. ಈ ನೆಲದ ಹಳಮೆಯಾದರೋ ಇನ್ನೂ ಹಿಂದಕ್ಕೆ ಹೋಗುತ್ತದೆ. ಇದೇ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು 1970ರ ದಶಕದಲ್ಲಿ ಬೆಳಕಿಗೆ ಬಂದುವು. ಜನರಿಲ್ಲದ ಕಡೆ ಅರಸನು ಧರ್ಮಲಿಪಿಯನ್ನು ಬರೆಯಿಸುವುದಿಲ್ಲವಷ್ಟೆ.

ನೀರಿದ್ದರೂ ಸಿರುಗುಪ್ಪವು ಬಹುಕಾಲ ದೊಡ್ಡ ಊರಾಗಲಿಲ್ಲ. 1901ರ ಜನಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ ಆರು ಸಾವಿರವನ್ನು ಮುಟ್ಟಿರಲಿಲ್ಲ. ಆಗ ಅದು ಬಳ್ಳಾರಿ ತಾಲ್ಲೂಕಿನ ಒಂದು ಊರಾಗಿದ್ದಿತು. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಹಗರಿ ಎಂದು ನಾವು ಕರೆಯುವ ವೇದಾವತಿ. ಮಳೆಗಾಲದಲ್ಲಿ ನದಿ ತುಂಬಿದರೆ ಹರಿಗೋಲೇ ಗತಿ. ಎರೆಮಣ್ಣು ನೆನೆದರೆ ಬಂಡಿಯ ಗಾಲಿ ಗುಂಭದವರೆಗೂ ಹೂತುಹೋಗುವುದು. ಬೆಳೆದ ಬತ್ತವನ್ನು ಹೊರಗೆ ಸಾಗಿಸಲು ದಾರಿಯಿಲ್ಲದಿದ್ದರೆ ಸಿರಿಯು ಗುಪ್ಪೆಯಾಗಿಯೇ ಉಳಿಯುತ್ತದೆ, ಹಣವಾಗುವುದಿಲ್ಲ.

ಬಳ್ಳಾರಿ

ಬಳ್ಳಾರಿಯ ಹೆಸರಿಗೆ ಎರಡು ಕಥೆಗಳಿವೆ. ಬಲನೆಂಬ ಅಸುರನನ್ನು ಕೊಂದ ಇಂದ್ರನಿಗೆ ಬಲಾರಿ ಎಂದು ಹೆಸರು. ಆ ವಧೆ ಇಲ್ಲಿ ನಡೆದುದರಿಂದ ಊರಿಗೂ ಅದೇ ಹೆಸರಾಯಿತೆಂಬುದು ಪಂಡಿತರ ಕಥೆ. ಪೂಜೆಗೆ ಲಿಂಗ ದೊರೆಯದಿದ್ದಾಗ ವರ್ತಕರು ಧಾನ್ಯವನ್ನಳೆಯುವ ಬಳ್ಳವನ್ನೇ ಬೋರಲಿಟ್ಟು ಪೂಜಿಸಿದರೆಂಬುದು ಪೇಟೆಯ ಕಥೆ. ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನನಗೆ ಮೊದಲಿನದು ಪ್ರಿಯವಾಗಬೇಕಾದುದು ಸಹಜ. ಆದರೆ ಊರಿನ ಮುಂದಿನ ಚರಿತ್ರೆಯನ್ನು ನೋಡಿದರೆ ಬಳ್ಳದ ಕಥೆಯೇ ಅದಕ್ಕೆ ಹೆಚ್ಚು ಒಪ್ಪುತ್ತದೆ. ಬಳ್ಳಾರಿಯನ್ನು ಬೆಳೆಸಿದುದು ವಜ್ರಾಯುಧವಲ್ಲ, ಅಳತೆಯ ಬಳ್ಳ.

ಗುಡ್ಡದ ಮೇಲಿನ ಕೋಟೆಯನ್ನು ವಿಜಯನಗರದ ಕಾಲದಲ್ಲಿ ಪಾಳೆಯಗಾರ ಹನುಮಪ್ಪ ನಾಯಕನು ಕಟ್ಟಿಸಿದನೆಂದು ಪ್ರತೀತಿ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಹೈದರಲಿಯ ವಶವಾಯಿತು. ಅವನು ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿದನೆಂದೂ, ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿರುವುದನ್ನು ಆಮೇಲೆ ಕಂಡು ಅವನನ್ನು ಗಲ್ಲಿಗೇರಿಸಿದನೆಂದೂ ಜನರು ಹೇಳುತ್ತಾರೆ. ಕಥೆ ನಿಜವಿರಲಿ ಬಿಡಲಿ, ಕೋಟೆಗಳ ಕಾಲವು ಮುಗಿಯಬಂದಿತ್ತೆಂಬ ಸೂಚನೆ ಅದರಲ್ಲಿದೆ. ತೋಪುಗಳ ಮುಂದೆ ಬೆಟ್ಟದ ಎತ್ತರ ವ್ಯರ್ಥವಾಗಿತ್ತು.

1792ರಲ್ಲಿ ಈ ಸೀಮೆ ಟಿಪ್ಪುವಿನಿಂದ ನಿಜಾಮನಿಗೂ, 1800ರಲ್ಲಿ ನಿಜಾಮನಿಂದ ಇಂಗ್ಲಿಷ್ ಕಂಪನಿಗೂ ಕೈ ಬದಲಾಯಿತು. ದತ್ತಮಂಡಲವೆಂಬ ಹೆಸರು ಬಂದುದು ಹೀಗೆ. ಥಾಮಸ್ ಮನ್ರೋ 1800ರಿಂದ 1807ರವರೆಗೆ ಇದರ ಪ್ರಧಾನ ಕಲೆಕ್ಟರನಾಗಿದ್ದು ಪಾಳೆಯಗಾರರನ್ನು ಅಡಗಿಸಿ, ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. 1808ರಲ್ಲಿ ದತ್ತಮಂಡಲವು ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳಾಯಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು.

ಕಂಪನಿಯು ಬಳ್ಳಾರಿಯಲ್ಲಿ ದೊಡ್ಡ ದಂಡನ್ನು ಇರಿಸಿತು. ದಂಡಿಗೆ ಧಾನ್ಯ, ಹುಲ್ಲು, ಬಟ್ಟೆ, ಚರ್ಮ, ಆಳು ಎಲ್ಲವೂ ಬೇಕು. ಆದುದರಿಂದ ಕೋಟೆಯ ಸುತ್ತ ಪೇಟೆಗಳು ಎದ್ದುವು. ಇಂಗ್ಲಿಷ್ ಅಧಿಕಾರಿಗಳ ಹೆಸರಿನ ಬ್ರೂಸ್ ಪೇಟೆ, ಮೆಲ್ಲರ್ ಪೇಟೆಗಳು ಒಂದು ಕಡೆ, ದಂಡಿಗೆ ಹತ್ತಿಕೊಂಡ ಕೌಲ್ ಬಜಾರ್ ಇನ್ನೊಂದು ಕಡೆ. ಕೌಲು ಎಂದರೆ ಸರಕಾರವು ನೆಲೆಸಬಂದವರಿಗೆ ಕೊಡುವ ಅಭಯದ ಕರಾರು. ರಾಜಧಾನಿಯೊಂದು ಹುಟ್ಟುವುದು ಅರಸನ ಆಜ್ಞೆಯಿಂದ, ಪೇಟೆಯೊಂದು ಹುಟ್ಟುವುದು ಹೀಗೆ ಕೊಟ್ಟ ಮಾತಿನಿಂದ. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಅಂಗಡಿಯ ಮುಂದೆ ಕೇಳುವ ಬಳ್ಳಾರಿಯ ಇಂದಿನ ಬಾಳು ಅಂದಿನ ಪೇಟೆಗಳ ಸಂತಾನವೇ ಆಗಿದೆ.

ಬರಗಾಲ ಹಾಕಿಸಿದ ಹಳಿ

ಕಡಲತೀರದ ಊರುಗಳಿಗೆ ದೈವವೇ ದಾರಿಯನ್ನು ಕೊಟ್ಟಿರುತ್ತದೆ. ಮಂಗಳೂರಿನ ಮುಂದೆ ನದಿಮುಖವೂ ಸಮುದ್ರವೂ ಇವೆ. ಅರಬ್ಬೀ ಹಡಗುಗಳು ಬಂದು ನಿಲ್ಲಲು ಯಾರೂ ದಾರಿಯನ್ನು ಕಡಿಯಬೇಕಾಗಿರಲಿಲ್ಲ. ಪತ್ತನವೆಂಬ ಶಬ್ದಕ್ಕೆ ಶಾಸ್ತ್ರಗಳಲ್ಲಿ ರೇವಿನ ಊರೆಂಬ ಅರ್ಥವೂ ಉಂಟು. ಆ ಅರ್ಥದಲ್ಲಿ ಬಳ್ಳಾರಿ ಪತ್ತನವಲ್ಲ. ಪೂರ್ವ ಪಶ್ಚಿಮ ಎರಡು ಕಡಲುಗಳಿಗೂ ದೂರವಾದ ಈ ಊರಿಗೆ ಉಪ್ಪು ಬರುತ್ತಿದ್ದುದೂ ಹತ್ತಿ ಹೋಗುತ್ತಿದ್ದುದೂ ಲಂಬಾಣಿಗರ ಹೇರೆತ್ತುಗಳ ಬೆನ್ನಮೇಲೆ, ಆಮೇಲೆ ಬಂಡಿಗಳಲ್ಲಿ. ಮದರಾಸಿನಿಂದ ರಾಯಚೂರಿನ ಕಡೆಗೆ ಹಾಕಿದ ರೈಲುದಾರಿಯು 1871ರಲ್ಲಿ ಪೂರ್ಣವಾಯಿತು. ಗುಂತಕಲ್ಲಿನಿಂದ ಅದರದೊಂದು ಕವಲು ಬಳ್ಳಾರಿಯನ್ನು ಮುಟ್ಟಿತು.

ಅನಂತರ ಬಂದಿತು 1876ರಿಂದ 1878ರವರೆಗಿನ ಮಹಾಕ್ಷಾಮ. ಮದರಾಸು ಆಧಿಪತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1881ರ ಗಣತಿಯ ಹೊತ್ತಿಗೆ ಇಲ್ಲಿಯ ಜನಸಂಖ್ಯೆ ಹತ್ತು ವರ್ಷ ಹಿಂದಿನದಕ್ಕಿಂತ ಐದರಲ್ಲೊಂದು ಪಾಲಿನಷ್ಟು ಕುಗ್ಗಿದ್ದಿತು. ಕ್ಷಾಮದ ಒಂದು ಗುಣವನ್ನು ನಾವು ಮರೆಯಬಾರದು. ಉಗಿಬಂಡಿಯು ಧಾನ್ಯವನ್ನು ನಿಲ್ದಾಣದವರೆಗೆ ತಂದೀತು. ಅಲ್ಲಿಂದ ಹಳ್ಳಿಗೆ ಒಯ್ಯಬೇಕಾದವು ಎತ್ತುಗಳು. ಮನುಷ್ಯನಿಗೆ ಕಾಳಿಲ್ಲದ ವರ್ಷ ಎತ್ತಿಗೆ ಮೇವೂ ಇರುವುದಿಲ್ಲ. ಬಂಡಿ ಇದ್ದು ಎಳೆಯುವವರಿಲ್ಲ, ಮೂಟೆ ಇದ್ದು ಮುಟ್ಟಿಸುವವರಿಲ್ಲ. ಆಗ ರೈಲಿನ ಹತ್ತಿರ ಮತ್ತು ದೂರ ಎಂಬ ಭೇದವು ಬದುಕು ಮತ್ತು ಸಾವಿನ ಭೇದವಾಗುತ್ತದೆ.

1880ರ ಕ್ಷಾಮ ಆಯೋಗವು ಬರನಾಡುಗಳಲ್ಲಿ ರಕ್ಷಣೆಗಾಗಿಯೇ ರೈಲುದಾರಿಗಳನ್ನು ಹಾಕಬೇಕೆಂದು ಸೂಚಿಸಿತು. 1882ರಲ್ಲಿ ಸ್ಥಾಪಿತವಾದ ಸದರನ್ ಮರಾಠಾ ರೈಲ್ವೆಯು 1884ರಲ್ಲಿ ಬಳ್ಳಾರಿ, ಹೊಸಪೇಟೆ, ಗದಗುಗಳನ್ನು ಕೂಡಿಸಿತು. ಶತಮಾನ ಮುಗಿಯುವ ಮುನ್ನ ಈ ಸಣ್ಣ ಹಳಿಯ ಮಾರ್ಗವು ಪಶ್ಚಿಮದಲ್ಲಿ ಮರ್ಮಗೋವೆಯ ರೇವಿನಿಂದ ಪೂರ್ವದಲ್ಲಿ ಗುಂತಕಲ್ಲಿನವರೆಗೆ ಹಬ್ಬಿದ್ದಿತು. 1905ರಲ್ಲಿ ರಾಯದುರ್ಗಕ್ಕೂ ಬಳ್ಳಾರಿಯಿಂದ ಗಾಡಿ ಓಡಿತು. ಹೀಗೆ ಕಡಲಿಲ್ಲದ ಬಳ್ಳಾರಿಗೆ ರೈಲು ನಿಲ್ದಾಣವೇ ರೇವಾಯಿತು. ಹತ್ತಿಯನ್ನು ಬಿಡಿಸುವ, ಅದುಮಿ ಮೂಟೆ ಕಟ್ಟುವ ಕಾರ್ಖಾನೆಗಳು ಅದರ ಬಳಿ ನೆಲೆಸಿದುವು.

ಆದರೆ ಈ ಹಳಿಯು ಬಳ್ಳಾರಿಯಿಂದ ಪಶ್ಚಿಮಕ್ಕೆ ನೇರವಾಗಿ ಹೊಸಪೇಟೆಯ ಕಡೆಗೆ ಹೋಯಿತು. ಕುರುಗೋಡು ಅದರ ಉತ್ತರಕ್ಕೆ ಉಳಿಯಿತು. ಸಿರುಗುಪ್ಪ ಇನ್ನೂ ಉತ್ತರಕ್ಕೆ. ಅಂದು ಬಿಟ್ಟುಹೋದ ರೈಲು ಈ ಎರಡು ಊರುಗಳಿಗೆ ಇಂದಿಗೂ ಬಂದಿಲ್ಲ. ಹುಡುಗನ ಪ್ರಶ್ನೆಗೆ ಉತ್ತರದ ಮೊದಲ ಭಾಗ ಇಲ್ಲಿದೆ. ಒಬ್ಬ ಎಂಜಿನಿಯರನು ನಕ್ಷೆಯ ಮೇಲೆ ಎಳೆದ ಗೆರೆಯು ಎಂಟುನೂರು ವರ್ಷದ ರಾಜಧಾನಿಯನ್ನು ಬದಿಗಿಟ್ಟಿತು.

ಪೌರಸಭೆ

ಬೆಳೆದ ಊರನ್ನು ನೋಡಿಕೊಳ್ಳುವವರು ಯಾರು? ಮದರಾಸು ಸರಕಾರವು 1865ರಲ್ಲಿ ಪಟ್ಟಣಗಳ ಸುಧಾರಣೆಗೆ ಒಂದು ಕಾಯಿದೆಯನ್ನು ಮಾಡಿತು. ಆ ದಶಕದಲ್ಲಿಯೇ ಬಳ್ಳಾರಿಗೆ ಮ್ಯುನಿಸಿಪಾಲಿಟಿ ಬಂದಿತು. ಮೊದಮೊದಲು ಅದು ಅಧಿಕಾರಿಗಳ ಕೂಟವೇ ಆಗಿದ್ದಿತು. 1871ರಲ್ಲಿ ಹೊಸ ಕಾಯಿದೆಯೊಂದು ಬಂದಿತು. 1882ರಲ್ಲಿ ಲಾರ್ಡ್ ರಿಪ್ಪನ್ನರು ಸ್ಥಳೀಯ ಸ್ವರಾಜ್ಯದ ನಿರ್ಣಯವನ್ನು ಪ್ರಕಟಿಸಿದರು. 1884ರ ಕಾಯಿದೆಯಿಂದ ಚುನಾಯಿತ ಸದಸ್ಯರಿಗೆ ಹೆಚ್ಚಿನ ಸ್ಥಾನ ದೊರೆಯಿತು. ಅದೇ 1884ರಲ್ಲಿ ಗ್ರಾಮಾಂತರಕ್ಕೆ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಯೂನಿಯನ್ನುಗಳ ವ್ಯವಸ್ಥೆಯಾಯಿತು. 1920ರಲ್ಲಿ ಈ ಎರಡು ಕಾಯಿದೆಗಳೂ ಇನ್ನಷ್ಟು ಪ್ರಜಾಪರವಾಗಿ ಮಾರ್ಪಟ್ಟುವು.

ವಾಚಕರು 1884 ಎಂಬ ವರ್ಷವನ್ನು ನೆನಪಿನಲ್ಲಿಡಬೇಕು. ಗದಗಿನ ಹಳಿಯೂ ಚುನಾವಣೆಯ ಹಕ್ಕೂ ಒಂದೇ ವರ್ಷ ಬಂದುವು. ಮೊದಲನೆಯದನ್ನು ನಮ್ಮ ಜನ ಬೇಗ ಅರಿತುಕೊಂಡರು. ಎರಡನೆಯದರ ಬೆಲೆಯನ್ನು ಇಂದಿಗೂ ಪೂರ್ಣವಾಗಿ ಅರಿತಂತೆ ಕಾಣುವುದಿಲ್ಲ.

1901ರಲ್ಲಿ ಬಳ್ಳಾರಿಯ ಜನಸಂಖ್ಯೆ 58,247. ಮನೆಯ ತೆರಿಗೆ, ಕಸುಬಿನ ತೆರಿಗೆ, ಬಂಡಿಯ ಸುಂಕಗಳಿಂದ ಇಂಥ ಊರಿನ ಬೀದಿ, ದೀಪ, ಚರಂಡಿ, ಶಾಲೆ, ಆಸ್ಪತ್ರೆಗಳು ನಡೆಯಬೇಕಾಗಿದ್ದುವು. ಎಲ್ಲಕ್ಕಿಂತ ದೊಡ್ಡ ಚಿಂತೆ ಕುಡಿಯುವ ನೀರು. ಕಲ್ಲುನೆಲದ ಊರು, ಬಾವಿಗಳಲ್ಲಿ ಬಹಳಷ್ಟು ಉಪ್ಪುನೀರಿನವು, ಕೆರೆಗಳು ಮಳೆಯನ್ನು ನಂಬಿದುವು. ದಾರಿಯೂ ಆಡಳಿತವೂ ದೊರೆತ ಬಳ್ಳಾರಿಗೆ ನೀರು ದೊರೆತಿರಲಿಲ್ಲ. ನೀರಿದ್ದ ಸಿರುಗುಪ್ಪಕ್ಕೆ ದಾರಿಯಿರಲಿಲ್ಲ. ಒಂದೇ ಸೀಮೆಯ ಊರುಗಳು ಒಂದರ ಕೊರತೆಯನ್ನು ಇನ್ನೊಂದು ತುಂಬುವ ಕಾಲ ಇನ್ನೂ ಬಂದಿರಲಿಲ್ಲ.

1953

ಆ ಕಾಲ ಬಂದುದು ತುಂಗಭದ್ರೆಯ ಅಣೆಕಟ್ಟಿನಿಂದ. 1945ರ ಫೆಬ್ರವರಿ 28ರಂದು ಅದಕ್ಕೆ ಶಂಕುಸ್ಥಾಪನೆಯಾಯಿತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಆಂಧ್ರ ರಾಜ್ಯದ ರಚನೆಯ ಪ್ರಶ್ನೆ ಎದ್ದು, ಬಳ್ಳಾರಿ ಯಾರದೆಂಬ ವಾದವು ಮನೆಮನೆಯನ್ನೂ ಹೊಕ್ಕಿತು. ನ್ಯಾಯಮೂರ್ತಿ ವಾಂಛೂ ಅವರ ವರದಿಯು ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೂ, ಸಿರುಗುಪ್ಪ ಸಹಿತ ಆರು ತಾಲ್ಲೂಕುಗಳನ್ನು ಮೈಸೂರಿಗೂ ಸೂಚಿಸಿ, ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ಬಿಡಿಸದೆ ಉಳಿಸಿತು. ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ಅನಂತರ ನಗರವೂ ತಾಲ್ಲೂಕಿನ ಬಹುಭಾಗವೂ ಮೈಸೂರಿಗೆ ಸೇರಿದುವು. 1953ರ ಅಕ್ಟೋಬರ್ 1ರಂದು ಈ ಸೇರ್ಪಡೆ ನಡೆಯಿತು. ಅದರ ಹಿಂದಿನ ರಾತ್ರಿ ಸಂಭ್ರಮದ ಸಿದ್ಧತೆಯನ್ನು ಕಾಯುತ್ತಿದ್ದ ರಂಜಾನ್ ಸಾಬರು ದುಷ್ಕರ್ಮಿಗಳ ಆಮ್ಲದಾಳಿಗೆ ಬಲಿಯಾದರು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಕಾರಣವನ್ನು ಮುಂದಿಟ್ಟು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಮತ್ತೆ ಸೂಚಿಸಿತು, ಅದು ಅಂಗೀಕೃತವಾಗಲಿಲ್ಲ.

ಭಾಷೆಯ ವಿಷಯದಲ್ಲಿ ನ್ಯಾಯವಾದುದೇನೋ ನಿಜ. ಆದರೆ ಇದರಿಂದ ಬಳ್ಳಾರಿ ಹಳೆಯ ದೊಡ್ಡ ಜಿಲ್ಲೆಯ ನಡುವಿನಿಂದ ಹೊಸ ರಾಜ್ಯದ ಅಂಚಿಗೆ ಬಂದಿತು. ಕೈಗೆಟಕುವ ಗುಂತಕಲ್ಲೂ ಆದವಾನಿಯೂ ಪರರಾಜ್ಯವಾದುವು. ದೂರದ ಬೆಂಗಳೂರು ರಾಜಧಾನಿಯಾಯಿತು.

ಕಾಲುವೆ ಬಂದ ಮೇಲೆ

ಕೆಳಮಟ್ಟದ ಕಾಲುವೆಯ ನೀರು ಸಿರುಗುಪ್ಪದ ಎರೆಭೂಮಿಯನ್ನು ಬತ್ತದ ಗದ್ದೆಯನ್ನಾಗಿ ಮಾಡಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳಿಗೆ ಕರಾವಳಿ ಆಂಧ್ರದ ರೈತರು ಬಂದು ನೆಲೆಸಿದರು. ಅವರ ನೆಲೆಗಳಿಗೆ ಕ್ಯಾಂಪುಗಳೆಂಬ ಹೆಸರು ನಿಂತಿತು. ಅಕ್ಕಿಯ ಗಿರಣಿಗಳು ಎದ್ದುವು. ದಢೇಸುಗೂರಿನ ಬಳಿಯ ಸೇತುವೆಯು ಸಿಂಧನೂರಿನ ಕಡೆಗೆ ದಾರಿಯನ್ನು ತೆರೆಯಿತು. ತುಂಗಭದ್ರೆಯ ಕಾಲುವೆಯ ನೀರು ಅಲ್ಲೀಪುರದ ಕೆರೆಯನ್ನು ತುಂಬಿ ಬಳ್ಳಾರಿಯ ನಲ್ಲಿಗಳಿಗೆ ಬಂದಿತು. ತುಂಗಭದ್ರೆಯು ಕೊನೆಗೂ ನಗರದ ಬಾಯಾರಿಕೆಯನ್ನು ಕಂಡಳು. ಆದರೆ ನೀರು ನಿಂತ ಕಡೆ ನೆಲ ಜೌಗಾಗಿ ಉಪ್ಪೇರಿದುದನ್ನೂ ಹೇಳದೆ ಬಿಡಲಾಗದು.

ಸಿರುಗುಪ್ಪಕ್ಕೆ ರೈಲು ಬಾರದಿದ್ದರೂ ಮೋಟಾರು ಬಂದಿತು. ಈಗ ಜೇವರಗಿಯಿಂದ ಸಿರುಗುಪ್ಪ, ಬಳ್ಳಾರಿ, ಹಿರಿಯೂರುಗಳ ಮೂಲಕ ದಕ್ಷಿಣಕ್ಕೆ ಹೋಗುವ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯು ಈ ಊರನ್ನು ಹಾದುಹೋಗುತ್ತದೆ. ಆದರೂ ನಾನು ಕೆಲಸದಲ್ಲಿದ್ದ ಕಾಲದಲ್ಲಿ ಒಂದು ಮಳೆಗಾಲ ಒಳಹಳ್ಳಿಯ ಬಸ್ಸು ಎರೆಮಣ್ಣಿನಲ್ಲಿ ಹೂತುಹೋಗಿ, ನಾಲ್ವರು ಮಕ್ಕಳು ಪರೀಕ್ಷೆಯ ಕೊಠಡಿಗೆ ಅರ್ಧ ಗಂಟೆ ತಡವಾಗಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದುದನ್ನು ಕಣ್ಣಾರೆ ಕಂಡಿದ್ದೇನೆ. ಹೆದ್ದಾರಿಯಿಂದ ಹಳ್ಳಿಗೆ ಉಳಿದ ಆ ಎರಡು ಹರದಾರಿಯೇ ಇಂದಿನ ಪ್ರಶ್ನೆ. ಕ್ಷಾಮದ ಕಾಲದಲ್ಲಿ ನಿಲ್ದಾಣದಿಂದ ಹಳ್ಳಿಗೆ ಉಳಿದ ದೂರವೂ ಇದೇ ಆಗಿದ್ದಿತು.

ಬಳ್ಳಾರಿಯ ಬೆಳವಣಿಗೆಗೆ ಮುಂದೆ ಬೇರೊಂದು ಬಲ ಬಂದಿತು: ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು. ಹೊಸ ಶತಮಾನದ ಮೊದಲ ದಶಕದಲ್ಲಿ ಅದಿರಿನ ಲಾರಿಗಳು ಹಗಲಿರುಳು ರೇವುಗಳ ಕಡೆಗೆ ಓಡಿ ದಾರಿಗಳನ್ನು ಪುಡಿಗಟ್ಟಿದುವು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಮಾತ್ರ ಧೂಳು ಇಳಿಯಿತು. ಊರು ಬೆಳೆಯುವುದು ಬೇರೆ, ಉಬ್ಬುವುದು ಬೇರೆ ಎಂಬ ಪಾಠವನ್ನು ಆ ವರ್ಷಗಳು ಕಲಿಸಿದುವು.

ಈ ನಡುವೆ ಆಡಳಿತದ ರೂಪವೂ ಬದಲಾಯಿತು. ಮದರಾಸಿನ 1920ರ ಕಾಯಿದೆಯ ಸ್ಥಾನದಲ್ಲಿ 1964ರ ಮ್ಯುನಿಸಿಪಾಲಿಟಿ ಕಾಯಿದೆ ಬಂದಿತು. ಸಂವಿಧಾನದ 74ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು ಪೌರಸಭೆಗಳಿಗೆ ಸಂವಿಧಾನದ ಆಸರೆಯನ್ನು ಕೊಟ್ಟಿತು. 2004ರಲ್ಲಿ ಬಳ್ಳಾರಿ ಮಹಾನಗರ ಪಾಲಿಕೆಯಾಯಿತು; 2011ರ ಗಣತಿಯಲ್ಲಿ ಅದರ ಜನಸಂಖ್ಯೆ ನಾಲ್ಕು ಲಕ್ಷವನ್ನು ಮೀರಿತು; 2021ರ ಚುನಾವಣೆಯಲ್ಲಿ 39 ವಾರ್ಡುಗಳಿದ್ದುವು. ಸಿರುಗುಪ್ಪ ತಾಲ್ಲೂಕಿನ ಕೇಂದ್ರವಾಗಿ, ನಗರಸಭೆಯಾಗಿ ಬೆಳೆದಿದೆ. ಕುರುಗೋಡು ಪುರಸಭೆಯನ್ನು ಪಡೆದು, 2018ರಲ್ಲಿ ತನ್ನದೇ ತಾಲ್ಲೂಕಿಗೆ ಕೇಂದ್ರವಾಯಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ವಿಜಯನಗರ ಜಿಲ್ಲೆ ಬೇರೆಯಾದಾಗ, ಬಳ್ಳಾರಿಗೆ ಉಳಿದ ಐದು ತಾಲ್ಲೂಕುಗಳಲ್ಲಿ ನಮ್ಮ ಈ ಮೂರೂ ಸೇರಿವೆ.

ಉಪಸಂಹಾರ

ಈಗ ಆ ಹುಡುಗನಿಗೆ ಹೀಗೆ ಹೇಳುತ್ತೇನೆ. “ಮಗೂ, ನಿಮ್ಮೂರು ಸಣ್ಣದಾದುದು ಶಾಪದಿಂದಲ್ಲ. ದುರ್ಗದ ಕಾಲದಲ್ಲಿ ಬೆಟ್ಟವಿದ್ದ ಊರು ಗೆದ್ದಿತು. ರೈಲಿನ ಕಾಲದಲ್ಲಿ ಹಳಿ ಬಂದ ಊರು ಗೆದ್ದಿತು. ಕಾಲುವೆಯ ಕಾಲದಲ್ಲಿ ನೀರು ಹರಿದ ಊರು ಮೇಲೆದ್ದಿತು. ಇವುಗಳಲ್ಲಿ ಒಂದನ್ನೂ ಊರಿನವರು ತಾವಾಗಿ ಆರಿಸಿಕೊಳ್ಳಲಿಲ್ಲ. ಅರಸನೋ ಕಂಪನಿಯೋ ಎಂಜಿನಿಯರನೋ ಅವರಿಗಾಗಿ ನಿರ್ಣಯಿಸಿದರು. ಈಗ ನಿಮ್ಮಪ್ಪನು ಪಹಣಿಗಾಗಿ ಬಳ್ಳಾರಿಗೆ ಹೋಗಬೇಕಾಗಿಲ್ಲ; ಕಚೇರಿಯೇ ನಿಮ್ಮೂರಿಗೆ ಬಂದಿದೆ.”

ಆದರೆ ಉತ್ತರವು ಇಲ್ಲಿಗೆ ಮುಗಿಯಲಾರದು. ಕಚೇರಿ ಬಂದುದರಿಂದ ಆಡಳಿತ ಬಂದಂತಾಗುವುದಿಲ್ಲ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ರಾಜ್ಯದಲ್ಲಿ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆಡಳಿತಾಧಿಕಾರಿಗಳು ನಡೆಸಿಕೊಂಡು ಬಂದರು. 1884ಕ್ಕೆ ಮುಂಚೆ ಪರಕೀಯರ ಅಧಿಕಾರಿಗಳು ಕೂಟ ಸೇರಿ ಊರನ್ನಾಳುತ್ತಿದ್ದಾಗ ನಮ್ಮ ಹಿರಿಯರು ಅದನ್ನು ಕೊರತೆಯೆಂದು ತಿಳಿದು ಹಕ್ಕನ್ನು ಕೇಳಿದರು. ನಾವು ಅದೇ ಕೊರತೆಯನ್ನು ಕೊರತೆಯೆಂದೇ ತಿಳಿಯದೆ ಸುಮ್ಮನಿರುವುದು ಎಂಥ ಪ್ರಗತಿ? ಹಳ್ಳಿಯ ಆ ಎರಡು ಹರದಾರಿಯ ಕೆಸರು ಬೆಂಗಳೂರಿನ ಕಣ್ಣಿಗೆ ಕಾಣುವುದಿಲ್ಲ. ಅದನ್ನು ದಿನವೂ ತುಳಿಯುವವನು ಆರಿಸಿದ ಸದಸ್ಯನಿಗೆ ಮಾತ್ರ ಕಾಣಬಲ್ಲುದು.

ದುರ್ಗವನ್ನು ಅರಸನು ಕಟ್ಟಿದನು, ಹಳಿಯನ್ನು ಕಂಪನಿಯು ಹಾಕಿತು, ಕಾಲುವೆಯನ್ನು ಸರಕಾರವು ತೋಡಿತು. ಪೌರಸಭೆಯೊಂದನ್ನು ಮಾತ್ರ ಪೌರರೇ ಕಟ್ಟಬೇಕು. ಊರಿನ ಮುಂದಿನ ಏಳುಬೀಳುಗಳಲ್ಲಿ ನಮ್ಮ ಕೈಯಲ್ಲಿರುವುದು ಇದೊಂದೇ. ನಮ್ಮ ಮನೆಗಳ ಮಕ್ಕಳು ಸಿಂದರ ಶಾಸನಗಳನ್ನು ಓದಲಿ, ಅದರ ಜತೆಗೆ ತಮ್ಮ ವಾರ್ಡಿನ ಸಭೆಯ ನಡವಳಿಯನ್ನೂ ಓದಲಿ ಎಂಬುದೇ ಈ ಮುದಿ ಉಪಾಧ್ಯಾಯನ ಬಿನ್ನಹ. ಇತ್ಯಲಂ.